ಅನುವಾದದಲ್ಲಿ ಅಡಗಿರುವ ಪದಚ್ಛೇದ

ಊರು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಮಕ್ಕಳಿಗೆ ಉಪನಿಷತ್ತು ಮೊದಲು ದೊರಕುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ. ಕಾಲೇಜಿನ ಪುಸ್ತಕದಲ್ಲಿ ‘ತತ್ತ್ವಮಸಿ’ ಎಂಬುದಕ್ಕೆ ‘ಅದು ನೀನೇ ಆಗಿದ್ದೀಯೆ’ ಎಂಬ ಅರ್ಥವನ್ನು ಓದಿದ ಮಗನು, “ಉಪನಿಷತ್ತೇ ಹೀಗೆ ಹೇಳುವಾಗ ಜೀವೇಶ್ವರಭೇದವನ್ನು ನಾವು ಒಪ್ಪುವುದು ಹೇಗೆ, ಅಪ್ಪಾ?” ಎಂದು ಕೇಳಿದರೆ, ಸಂಧ್ಯಾವಂದನೆ, ದೇವರಪೂಜೆಗಳನ್ನು ತಪ್ಪದೆ ನಡೆಸುವ ತಂದೆಯೂ ನಿರುತ್ತರನಾಗುತ್ತಾನೆ. “ಅದೆಲ್ಲ ಪರಮತದವರ ಮಾತು” ಎಂದು ಹುಡುಗನ ಬಾಯಿ ಮುಚ್ಚಿಸುವುದು ಉತ್ತರವಲ್ಲ. ವಾಕ್ಯವು ಶ್ರುತಿಯದು, ಅದನ್ನು ಬಿಟ್ಟುಕೊಡುವ ಅಧಿಕಾರ ನಮಗಿಲ್ಲ.

ಈ ವಾಕ್ಯವು ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿದೆ. ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋದ ಶ್ವೇತಕೇತುವು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಎಲ್ಲವನ್ನೂ ಬಲ್ಲೆನೆಂಬ ಗರ್ವದಿಂದ ಮನೆಗೆ ಮರಳುತ್ತಾನೆ. ತಂದೆಯಾದ ಉದ್ದಾಲಕನು ಅವನಿಗೆ ಒಂಬತ್ತು ಬಾರಿ ಇದೇ ಮಾತನ್ನು ಉಪದೇಶಿಸುತ್ತಾನೆ. ಪ್ರತಿಸಲವೂ ಆ ಮಾತಿನ ಹಿಂದೆ ‘ಆತ್ಮಾ’ ಎಂಬ ಪದವಿದೆ. ಮರ್ಮವಿರುವುದು ಇಲ್ಲಿಯೇ. ‘ಆತ್ಮಾ’ ಎಂಬುದರ ಮುಂದೆ ‘ತತ್’ ಬಂದರೂ ‘ಅತತ್’ ಬಂದರೂ ಪಾಠದಲ್ಲಿ ಕಿವಿಗೆ ಬೀಳುವ ಧ್ವನಿ ಒಂದೇ. ಏಕೆಂದರೆ ಆಕಾರವೂ ಅಕಾರವೂ ಕೂಡಿದರೆ ಸವರ್ಣದೀರ್ಘ ಸಂಧಿಯಿಂದ ಆಕಾರವೇ ಉಳಿಯುತ್ತದೆ. ಮೊದಲನೆಯ ರೀತಿಯಲ್ಲಿ ಬಿಡಿಸಿದರೆ ‘ಅದು ನೀನು’; ಎರಡನೆಯ ರೀತಿಯಲ್ಲಿ ‘ನೀನು ಅದಲ್ಲ’. ಶ್ರೀಮದಾನಂದತೀರ್ಥ ಭಗವತ್ಪಾದರು ‘ಅತತ್’ ಎಂಬ ಪದಚ್ಛೇದವನ್ನು ತೋರಿಸಿಕೊಟ್ಟರು.

ಮೂಲವನ್ನು ಪಠಿಸುವವನಿಗೆ ಎರಡೂ ದಾರಿಗಳು ತೆರೆದಿರುತ್ತವೆ. ಅನುವಾದಕನಿಗಾದರೋ ಒಂದನ್ನು ಮುಚ್ಚದೆ ವಾಕ್ಯವನ್ನೇ ಬರೆಯಲಾಗದು. ಮುಚ್ಚಿದ ದಾರಿಯ ಗುರುತೂ ಓದುಗನಿಗೆ ಕಾಣದು. 1879ರಲ್ಲಿ ಮ್ಯಾಕ್ಸ್ ಮುಲ್ಲರ್ ಮಾಡಿದ ಭಾಷಾಂತರವು ಬಹುಮಟ್ಟಿಗೆ ಶಾಂಕರಭಾಷ್ಯದ ದಾರಿಯನ್ನೇ ಹಿಡಿಯಿತು. ಮುಂದಿನವರಲ್ಲಿ ಅನೇಕರು ಅದೇ ಜಾಡಿನಲ್ಲಿ ನಡೆದರು. ಶ್ರೀಶಚಂದ್ರ ವಸು ಅವರು 1910ರಲ್ಲಿ ಅಲಹಾಬಾದಿನ ಪಾಣಿನಿ ಕಾರ್ಯಾಲಯದ ಮೂಲಕ ಶ್ರೀಮನ್ಮಧ್ವಭಾಷ್ಯಸಹಿತವಾದ ಛಾಂದೋಗ್ಯವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ನಮ್ಮ ಎಷ್ಟು ಮನೆಗಳಲ್ಲಿ ಈ ಗ್ರಂಥವಿದೆ?

ಕನ್ನಡವೂ ಈ ದೋಷಕ್ಕೆ ಹೊರತಲ್ಲ. ‘ಅದು ನೀನೇ’ ಎನ್ನುವಾಗ ಆ ‘ಏ’ಕಾರ ಎಲ್ಲಿಂದ ಬಂದಿತು? ಮೂಲದಲ್ಲಿ ‘ಏವ’ ಎಂಬ ಪದವಿಲ್ಲ. ಬರಿಯ ‘ಅದು ನೀನು’ ಎಂದರೆ ನಮ್ಮ ಭಾಷೆಯಲ್ಲಿ ಮಾತು ಮುಗಿದಂತೆ ತೋರುವುದಿಲ್ಲವಾಗಿ ಅನುವಾದಕರು ಅವಧಾರಣೆಯನ್ನು ಸೇರಿಸುತ್ತಾರೆ. ಒಂದು ಸ್ವರದ ಸೇರ್ಪಡೆಯಿಂದ ಒಂದು ಸಿದ್ಧಾಂತವೇ ಮನೆಯೊಳಗೆ ಬಂದು ಕುಳಿತಂತಾಗುತ್ತದೆ!

ಹಾಗಾದರೆ ಪದಚ್ಛೇದವು ಅವರವರ ಇಚ್ಛೆಯೇ? ಅಲ್ಲ. ಪ್ರಕರಣವೇ ನಿರ್ಣಾಯಕವೆಂದು ಆಚಾರ್ಯರು ವಿಷ್ಣುತತ್ತ್ವವಿನಿರ್ಣಯದಲ್ಲಿ ದೃಷ್ಟಾಂತಗಳನ್ನೇ ಸಾಕ್ಷಿಯಾಗಿ ಎಣಿಸುತ್ತಾರೆ. ದಾರಕ್ಕೆ ಕಟ್ಟಿದ ಹಕ್ಕಿಯು ದಿಕ್ಕುದಿಕ್ಕಿಗೆ ಹಾರಿ, ಆಶ್ರಯ ಕಾಣದೆ, ಕಟ್ಟಿದ ಎಡೆಗೇ ಮರಳುತ್ತದೆ. ಅಲ್ಲಿ ಹಕ್ಕಿ ಬೇರೆ, ಆಶ್ರಯ ಬೇರೆ. ನೀರಿನಲ್ಲಿ ಕರಗಿದ ಉಪ್ಪು ಕಣ್ಣಿಗೆ ಕಾಣದು. ನಾಲಿಗೆಗೆ ಮಾತ್ರ ತಿಳಿಯುತ್ತದೆ. ಕಾಣದಿದ್ದ ಮಾತ್ರಕ್ಕೆ ಉಪ್ಪು ನೀರಾಗಲಿಲ್ಲ. ನದಿಗಳ ದೃಷ್ಟಾಂತವು ಇವುಗಳಿಗಿಂತ ಕಠಿನ. ಸಮುದ್ರ ಸೇರಿದ ನದಿಗಳು ‘ನಾನು ಇಂಥವಳು’ ಎಂದು ತಮ್ಮನ್ನು ಅರಿಯವು ಎಂದಷ್ಟೇ ಶ್ರುತಿ ಹೇಳುತ್ತದೆ. ಅರಿಯದಿರುವುದು ಬೇರೆ, ಇಲ್ಲದಿರುವುದು ಬೇರೆ. ಅವಸರದ ಓದಿನಲ್ಲಿ ಈ ಅಂತರವೇ ಜಾರಿಹೋಗುತ್ತದೆ. ಇನ್ನೊಂದು ಮಾತು: ಗರ್ವದಿಂದ ಬಂದ ಮಗನಿಗೆ ‘ನೀನೇ ಪರಬ್ರಹ್ಮ’ ಎಂದರೆ ಗರ್ವವು ಇಳಿಯುವುದೋ, ಏರುವುದೋ?

‘ಅತತ್’ ಎಂಬುದು ಬಲವಂತದ ಅರ್ಥವೆಂದು ಆಕ್ಷೇಪಿಸುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಆಕ್ಷೇಪವನ್ನು ನಾವು ಮರೆಮಾಚಬೇಕಾಗಿಲ್ಲ. ‘ತತ್’ ಎಂದೇ ಇಟ್ಟುಕೊಂಡರೂ ಅದಕ್ಕೆ ಸಾದೃಶ್ಯ, ಅಧೀನತೆ ಮೊದಲಾದ ಅರ್ಥಗಳು ಹೊಂದುವುದನ್ನು ನಮ್ಮ ಸಂಪ್ರದಾಯದಲ್ಲಿ ವಿವರಿಸಿದೆ. ಐಕ್ಯವನ್ನು ಹೇಳುವ ಅದ್ವೈತಿಗಳೂ ಪದಗಳ ನೇರ ಅರ್ಥದಲ್ಲಿ ನಿಲ್ಲಲಾರದೆ ಲಕ್ಷಣಾವೃತ್ತಿಯನ್ನು ಆಶ್ರಯಿಸುತ್ತಾರೆ. ಶ್ರೀರಾಮಾನುಜರು ಶರೀರಶರೀರಿಭಾವದಿಂದ ಹೊಂದಿಸುತ್ತಾರೆ. ವ್ಯಾಖ್ಯಾನವಿಲ್ಲದ ‘ಸರಳಾರ್ಥ’ ಯಾರ ಬಳಿಯೂ ಇಲ್ಲ. 1986ರಲ್ಲಿ ಜೋಯಲ್ ಬ್ರೆರೆಟನ್ ಎಂಬ ವಿದ್ವಾಂಸರು, ‘ತತ್’ ನಪುಂಸಕಲಿಂಗ, ಶ್ವೇತಕೇತುವು ಪುರುಷ; ಆ ಕಾಲದ ಗದ್ಯದ ರೀತಿಯಂತೆ ಐಕ್ಯ ಹೇಳಬೇಕಾಗಿದ್ದರೆ ಪುಲ್ಲಿಂಗವೇ ಬರಬೇಕಾಗಿತ್ತು ಎಂದು ವಾದಿಸಿದರು. 1996ರ ಪ್ಯಾಟ್ರಿಕ್ ಆಲಿವೆಲ್ ಅವರ ಭಾಷಾಂತರವು ‘ನೀನು ಇರುವುದು ಆ ಬಗೆಯಲ್ಲಿ’ ಎಂಬ ಭಾವವನ್ನು ಸ್ವೀಕರಿಸಿತು. ಇವರು ನಮ್ಮ ಸಿದ್ಧಾಂತವನ್ನು ಒಪ್ಪಿದರೆಂದು ಹಿಗ್ಗಬೇಕಾಗಿಲ್ಲ, ಒಪ್ಪಿಲ್ಲ. ಹಳೆಯ ಇಂಗ್ಲಿಷ್ ವಾಕ್ಯವೇ ಕೊನೆಯ ಮಾತಲ್ಲವೆಂಬುದಂತೂ ಅವರಿಂದಲೂ ಸ್ಪಷ್ಟವಾಯಿತು.

ಮಗನ ಕೈಯಿಂದ ಆ ಪುಸ್ತಕವನ್ನು ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಮೂಲವನ್ನೂ, ಶ್ರೀರಾಘವೇಂದ್ರತೀರ್ಥರ ಖಂಡಾರ್ಥವನ್ನೂ ಇಟ್ಟುಕೊಂಡು, ಹಕ್ಕಿಯ ದೃಷ್ಟಾಂತದಿಂದ ಆರಂಭಿಸಿ ಅವನೊಡನೆ ಕುಳಿತು ಓದಿರಿ. ನದಿಯ ದೃಷ್ಟಾಂತಕ್ಕೆ ಬಂದಾಗ ಅವನು ಮತ್ತೆ ಪ್ರಶ್ನೆ ಕೇಳಿದರೆ ಬೇಸರಿಸದಿರಿ. ಶ್ವೇತಕೇತುವೂ ಪ್ರತಿ ಉಪದೇಶದ ಬಳಿಕ ಇನ್ನೂ ತಿಳಿಸಬೇಕೆಂದು ತಂದೆಯನ್ನು ಕೇಳಿದವನೇ.