ಗುಂಡಿ ಮುಚ್ಚುವ ದಿನ

ಗದಗ, ಕೊಪ್ಪಳದ ಎರೆಭೂಮಿಯಲ್ಲಿ ವಿದ್ಯುತ್ ಗೋಪುರಗಳಿಗೆ ಅಡಿಪಾಯ ಹಾಕಿಸುವುದು ನನ್ನ ಕೆಲಸವಾಗಿತ್ತು. ಹೊಲದವರು ಕೇಳುತ್ತಿದ್ದರು: “ಇಷ್ಟ್ ಭಾರದ ಟವರ್ ನೆಲದಾಗ ಇಳಿಯಂಗಿಲ್ಲೇನ್ರೀ?” ನಮಗಿದ್ದ ಚಿಂತೆ ಏಳುವುದರದ್ದು. ಗಾಳಿ ಅಡ್ಡ ಬೀಸಿದಾಗ ಎರಡು ಕಾಲು ನೆಲಕ್ಕೆ ಒತ್ತುತ್ತವೆ, ಎದುರಿನೆರಡು ಮೇಲಕ್ಕೆ ಜಗ್ಗುತ್ತವೆ. ಲೈನು ತಿರುಗುವ ಕಡೆಯ ಗೋಪುರಕ್ಕೆ ಗಾಳಿ ಇಲ್ಲದಾಗಲೂ ತಂತಿಯ ಎಳೆತ ತಪ್ಪದು.

ಲೆಕ್ಕ ನೋಡಿ. 3 ಮೀಟರ್ ಆಳದಲ್ಲಿ 2 ಮೀಟರ್ ಚೌಕದ ಫೂಟಿಂಗ್, ಅಂದರೆ ಕಾಲಿನಡಿಯ ಕಾಂಕ್ರೀಟ್ ಪಾದ. ಕಾಂಕ್ರೀಟ್ 3 ಘನಮೀಟರ್ ಎಂದುಕೊಂಡರೆ ತೂಕ ಸುಮಾರು 7 ಟನ್. ಆದರೆ ಫೂಟಿಂಗ್ ಏಳಬೇಕಾದರೆ ಮೇಲಿನ ಮಣ್ಣನ್ನೂ ಹೊತ್ತು ಏಳಬೇಕು. ಗಟ್ಟಿ ನೆಲದಲ್ಲಿ ಆ ಮಣ್ಣು ಲಂಬದಿಂದ 30 ಡಿಗ್ರಿ ಹೊರಚಾಚಿ, ಬಾಯಗಲವಾದ ಬುಟ್ಟಿಯ ಆಕಾರ ತಾಳುತ್ತದೆ. ಘನಮೀಟರಿಗೆ 1440 ಕಿಲೊ ಹಿಡಿದರೆ ಸುಮಾರು 64 ಟನ್. 20 ಡಿಗ್ರಿಗೆ ಇಳಿದರೆ 43 ಟನ್. ತುಂಬಿದ ಮಣ್ಣು ಸಡಿಲವಾಗಿದ್ದು ಸುತ್ತಲಿನ ನೆಲದೊಂದಿಗೆ ಬೆಸೆಯದಿದ್ದರೆ, ಫೂಟಿಂಗಿನ ನೆತ್ತಿಯ ಮೇಲಿನದಷ್ಟೇ ಲೆಕ್ಕಕ್ಕೆ: 17 ಟನ್. ಅಂತರ್ಜಲ ಮೇಲೆ ಬಂದರೆ ಮಣ್ಣು, ಕಾಂಕ್ರೀಟ್ ಎರಡೂ ಹಗುರ. 2400 ಕಿಲೊದ ಕಾಂಕ್ರೀಟ್ ನೀರಿನಲ್ಲಿ 1400 ಕಿಲೊದಷ್ಟೇ ತೂಗುತ್ತದೆ.

ಗೋಪುರದ ಮಾದರಿಯನ್ನು ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ (ಸಿಪಿಆರ್‌ಐ) ಕಡೆ ನಿಲ್ಲಿಸಿ, ಎಳೆದು ಪರೀಕ್ಷಿಸುತ್ತಾರೆ. ಪ್ರತಿ ಗುಂಡಿಯ ಮಣ್ಣನ್ನು ಹಾಗೆ ಎಳೆದು ನೋಡುವ ಪರಿಪಾಠವಿಲ್ಲ. ಕಾಂಕ್ರೀಟ್ ಹಾಕುವ ದಿನ ಎಲ್ಲರೂ ಹಾಜರು: ಪರೀಕ್ಷೆಗೆಂದು ಕಾಂಕ್ರೀಟಿನ ಕ್ಯೂಬ್ ತುಂಬುತ್ತಾರೆ, ಫೋಟೊ ತೆಗೆಯುತ್ತಾರೆ. ಮಣ್ಣು ಮುಚ್ಚುವ ದಿನ ಜೆಸಿಬಿ ಚಾಲಕನೊಬ್ಬನೇ. ಅವನು ರಾಶಿಯನ್ನೆಲ್ಲ ಒಮ್ಮೆಗೇ ನೂಕಿದರೂ ಅಂದು ಗುಂಡಿ ತುಂಬಿದಂತೆಯೇ ಕಾಣುತ್ತದೆ. ಮೊದಲ ಮಳೆಗೆ ಕಾಲಿನ ಸುತ್ತ ಕುಸಿಯುತ್ತದೆ.

ಆದ್ದರಿಂದ ನಾನು ಪಾಲಿಸತೊಡಗಿದ ನಿಯಮಗಳು: ಮುಚ್ಚುವಾಗ ಖುದ್ದಾಗಿ ನಿಲ್ಲಬೇಕು. ಗೇಣುದ್ದದ ಪದರಕ್ಕೊಮ್ಮೆ ನೀರು ಚಿಮುಕಿಸಿ ದಿಮ್ಮಸು ಹೊಡೆಸಬೇಕು. ಒಣಗಿದರೆ ಬಿರಿದು ನೆನೆದರೆ ಉಬ್ಬುವ ಎರೆಮಣ್ಣನ್ನು ಮತ್ತೆ ತುಂಬದೆ ಗರಸು ತರಿಸಬೇಕು. ಗುಂಡಿಯನ್ನು ಅಗತ್ಯಕ್ಕಿಂತ ಅಗಲ ತೋಡಬಾರದು; ಅಲುಗದ ನೆಲದ ಹಿಡಿತ ತುಂಬಿದ ಮಣ್ಣಿಗೆ ಸುಲಭವಾಗಿ ಬರದು. ಮಳೆಗಾಲದಲ್ಲಿ ಬಾವಿಯ ನೀರು ಎಲ್ಲಿಯವರೆಗೆ ಬರುತ್ತದೆಂದು ರೈತರನ್ನೇ ಕೇಳಬೇಕು.

ಕೊನೆಯದು ಹೊಲದವರಿಗೆ ಹೇಳುವ ಮಾತು: ಬದುವಿಗೆಂದು ಕಾಲಿನ ಬುಡದ ಮಣ್ಣು ತೆಗೆಯಬೇಡಿ. ಗೋಪುರ ಅದನ್ನೇ ನಂಬಿ ನಿಂತಿದೆ ಎಂದು ಬುಟ್ಟಿಯ ಲೆಕ್ಕದ ಸಮೇತ ವಿವರಿಸಿದರೆ, ಹೆಚ್ಚಿನವರು ಒಪ್ಪುತ್ತಾರೆ.