ಕಸ್ತೂರಚಂದ್ ಪಾರ್ಕಿನಲ್ಲಿ ಸಭೆ, ಉತ್ಸವ ನಡೆಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ನಾಗಪುರದ ನಟ್ಟನಡುವೆ, ಝೀರೋ ಮೈಲ್ ಕಂಬದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಕಸ್ತೂರಚಂದ್ ಪಾರ್ಕ್ ಇದೆ. ಊರವರ ಬಾಯಲ್ಲಿ ಅದು ಕೆ.ಪಿ. ಗ್ರೌಂಡ್. ಕಾಮ್ಠಿಯ ಸಾಹುಕಾರ ಸರ್ ಕಸ್ತೂರಚಂದ್ ಡಾಗಾ ಅವರ ಹೆಸರು ಹೊತ್ತ ಈ ಬಯಲಿನಲ್ಲಿ ದಸರೆಗೆ ರಾವಣ ಉರಿಯುತ್ತಾನೆ, ಚುನಾವಣೆಗೆ ನಾಯಕರು ಇಳಿಯುತ್ತಾರೆ, ನಡುನಡುವೆ ಮೇಳ, ಪ್ರದರ್ಶನಗಳ ಡೇರೆ ಏಳುತ್ತವೆ. ಉಳಿದ ದಿನ ಹುಡುಗರು ಕ್ರಿಕೆಟ್ ಆಡುತ್ತಾರೆ, ಹಿರಿಯರು ನಡೆಯುತ್ತಾರೆ. ನಗರದ ಪಾರಂಪರಿಕ ತಾಣಗಳ ಪಟ್ಟಿಯಲ್ಲಿ ಇದು ಒಂದನೇ ಶ್ರೇಣಿಯದು. ಹಾಗಿದ್ದೂ ಇದರ ದುಸ್ಥಿತಿ ಕಂಡು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಬಯಲು ತಾನಾಗಿ ಹಾಳಾಗಲಿಲ್ಲ. ಒಂದೊಂದು ಸಂಜೆಗೆಂದು ಪಡೆದವರು ಒಂದೊಂದು ಗುಂಡಿ ಬಿಟ್ಟುಹೋದರು.

ಆದ್ದರಿಂದ ಈ ಸೂಚನೆ. ಕೆ.ಪಿ. ಗ್ರೌಂಡ್ ಕೇಳುವವರಿಗೆ ಮಾತ್ರವಲ್ಲ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಓಟ ಏರ್ಪಡಿಸುವವರಿಗೂ, ಹೊರನಾಡಿನಲ್ಲಿ ರಾಜ್ಯೋತ್ಸವಕ್ಕೆಂದು ಊರಿನ ಉದ್ಯಾನ ಕೇಳುವ ಕನ್ನಡ ಸಂಘದವರಿಗೂ ಇದು ಅಷ್ಟೇ ಅನ್ವಯ.

ಮಾಡಬೇಕಾದ್ದು

ವೇದಿಕೆಯ ನಕ್ಷೆಗಿಂತ ಮೊದಲು ಬಾಗಿಲುಗಳ ನಕ್ಷೆ ಬರೆಯಿರಿ. ಎಷ್ಟು ಜನ ಹಿಡಿಸುತ್ತಾರೆ ಎಂಬುದು ಎರಡನೆಯ ಪ್ರಶ್ನೆ. ಎಷ್ಟು ಹೊತ್ತಿನಲ್ಲಿ ಹೊರಗೆ ಹೋಗುತ್ತಾರೆ ಎಂಬುದು ಮೊದಲನೆಯದು. ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ ಸುಮಾರು 80 ಜನ ದಾಟಬಲ್ಲರು. ನಾಲ್ಕು ಮೀಟರಿನ ಒಂದೇ ಗೇಟು ತೆರೆದಿಟ್ಟು 10,000 ಜನರನ್ನು ಕರೆದರೆ ಕೊನೆಯವನು ಹೊರಗೆ ಬರಲು ಅರ್ಧ ಗಂಟೆ ಮೀರುತ್ತದೆ. ಅದೂ ಯಾರೂ ಗಾಬರಿಯಾಗದೆ, ಯಾರೂ ಎಡವದೆ ನಡೆದರೆ. ಚದರ ಮೀಟರಿಗೆ ನಾಲ್ಕು ಜನ ದಾಟಿದ ಮೇಲೆ ಗುಂಪು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಐದಾರಕ್ಕೆ ಏರಿದರೆ ಮನುಷ್ಯ ತನ್ನ ಕಾಲಿನ ಮೇಲೆ ತಾನು ನಿಂತಿರುವುದಿಲ್ಲ, ಗುಂಪು ಅವನನ್ನು ಎತ್ತಿಕೊಂಡಿರುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತದ್ದು ಆಟ ನೋಡಲು ಹೋಗಿ ಅಲ್ಲ, ಗೇಟುಗಳ ಮುಂದೆ ನುಗ್ಗಲಿನಲ್ಲಿ ಸಿಕ್ಕಿಕೊಂಡು. ಒಳಗೆ ಬರುವ ದಾರಿ ಬೇರೆ, ಹೊರಗೆ ಹೋಗುವ ದಾರಿ ಬೇರೆ ಇರಲಿ. ಆಂಬುಲೆನ್ಸಿಗೆ ಮೂರನೆಯದು ಇರಲಿ. ಆ ದಾರಿಯಲ್ಲಿ ಅತಿಥಿಗಳ ಕಾರನ್ನೂ ನಿಲ್ಲಿಸಬೇಡಿ.

ಪಂಚಾಂಗ ನೋಡಿ ದಿನ ಗೊತ್ತುಮಾಡಿ. ಬೇರೆ ಊರಿನಲ್ಲಿ ದಸರೆ ಒಂದು ಹಬ್ಬ. ನಾಗಪುರದಲ್ಲಿ ಅದೇ ದಿನ ಮೂರು ದೊಡ್ಡ ಸಮಾವೇಶ. 1956ರ ದಸರೆಯ ದಿನ, ಅಕ್ಟೋಬರ್ 14ರಂದು, ಡಾ. ಅಂಬೇಡ್ಕರ್ ಬೌದ್ಧ ದೀಕ್ಷೆ ಪಡೆದ ದೀಕ್ಷಾಭೂಮಿಗೆ ದೇಶದ ಮೂಲೆಮೂಲೆಯಿಂದ ಲಕ್ಷಾಂತರ ಜನ ಬರುತ್ತಾರೆ. ರೇಶೀಮ್‌ಬಾಗಿನಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ವಿಜಯದಶಮಿ ಉತ್ಸವ. ಸಂಜೆಗೆ ಕೆ.ಪಿ. ಗ್ರೌಂಡಿನಲ್ಲಿ ರಾವಣ ದಹನ. ಇರುವ ಪೊಲೀಸರು, ಅಗ್ನಿಶಾಮಕ ವಾಹನಗಳು, ಬಸ್ಸುಗಳು ಇಷ್ಟಕ್ಕೂ ಹಂಚಿಹೋಗಬೇಕು. ಇದರ ಮೇಲೆ ನಾಲ್ಕನೆಯದೊಂದನ್ನು ಪೇರಿಸಲು ಹೋಗಬೇಡಿ. ಡಿಸೆಂಬರಿನಲ್ಲಿ ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ ಇಲ್ಲೇ ನಡೆಯುತ್ತದೆ. ಮೆರವಣಿಗೆ, ರಸ್ತೆ ತಡೆ ದಿನವೂ ಇರುತ್ತದೆ ಎಂಬುದನ್ನೂ ನೆನಪಿಡಿ.

ಬೆಂಕಿ ಇದ್ದರೆ ಅಳತೆ ಇರಲೇಬೇಕು. ಪ್ರತಿಕೃತಿ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿ ಗಟ್ಟಿ ಬೇಲಿ ಕಟ್ಟಿ, ಗಾಳಿ ಬೀಸುವ ದಿಕ್ಕನ್ನು ಖಾಲಿ ಬಿಡಿ. ಬೇಲಿಯ ಹಿಂದೆ ಜನ ಹಿಂದಕ್ಕೆ ಸರಿಯಲು ಜಾಗ ಉಳಿಸಿ. ಅಮೃತಸರದಲ್ಲಿ 2018ರ ಅಕ್ಟೋಬರ್ 19ರಂದು ರಾವಣ ಸುಡುವುದನ್ನು ರೈಲು ಹಳಿಯ ಮೇಲೆ ನಿಂತು ನೋಡುತ್ತಿದ್ದ ಸುಮಾರು 60 ಜನರ ಮೇಲೆ ರೈಲು ಹರಿಯಿತು. ಬೆಂಕಿಯ ಮುಂದೆ ಏನಿದೆ ಎಂದು ಎಲ್ಲರೂ ನೋಡಿದ್ದರು, ಜನರ ಬೆನ್ನಿಗೆ ಏನಿದೆ ಎಂದು ನೋಡಿದವರಿರಲಿಲ್ಲ. ನೀವು ನೋಡಿ.

ಬಿಸಿಲಿಗೆ ಹೆದರಿ. ನಾಗಪುರವಿರುವ ವಿದರ್ಭದಲ್ಲಿ ಮೇ ತಿಂಗಳಲ್ಲಿ 45 ಡಿಗ್ರಿ ಮಾಮೂಲು. ಏಪ್ರಿಲಿನಿಂದ ಜೂನ್ ನಡುವಿನವರೆಗೆ, ಬೆಳಗಿನ ಹನ್ನೊಂದರಿಂದ ಸಂಜೆ ಐದರವರೆಗೆ ಬಯಲಿನಲ್ಲಿ ಜನರನ್ನು ಕೂರಿಸಲೇಬೇಡಿ. ನವಿ ಮುಂಬಯಿಯ ಖಾರ್ಘರ್‌ನಲ್ಲಿ 2023ರ ಏಪ್ರಿಲ್ 16ರಂದು ಪ್ರಶಸ್ತಿ ಸಮಾರಂಭಕ್ಕೆ ಬಂದು ಬಿಸಿಲಿನಲ್ಲಿ ಕುಳಿತ ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ವೇದಿಕೆಗೆ ನೆರಳಿತ್ತು. ವೇದಿಕೆಗೆ ನೆರಳು ಕಟ್ಟುವವರು ಜನರಿಗೂ ನೆರಳು ಕಟ್ಟಲಿ. ಸಾಧ್ಯವಿಲ್ಲದಿದ್ದರೆ ವೇದಿಕೆಗೂ ಬೇಡ. ಆಗ ಭಾಷಣ ತಾನಾಗಿ ಚಿಕ್ಕದಾಗುತ್ತದೆ.

ನೀರು, ಶೌಚಾಲಯ ಮೊದಲು, ಧ್ವನಿವರ್ಧಕ ಆಮೇಲೆ. ಹೆಂಗಸರ ಶೌಚಾಲಯಗಳು ಗಂಡಸರದ್ದಕ್ಕಿಂತ ಹೆಚ್ಚಿರಲಿ, ಬೆಳಕಿರುವಲ್ಲಿರಲಿ.

ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಾದರೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ಹುಟ್ಟಿದಲ್ಲೇ ಬೇರ್ಪಡಿಸಬೇಕು ಎಂಬ ಪದ್ಧತಿಯನ್ನು 2016ರ ಘನತ್ಯಾಜ್ಯ ನಿಯಮಗಳೇ ತಂದವು. ತರ್ರಿ ಪೋಹೆಯ (ಖಾರದ ರಸ ಹಾಕಿದ ಅವಲಕ್ಕಿಯ) ಗಾಡಿಯವರಿಗೂ ಕಿತ್ತಳೆ ಮಾರುವವರಿಗೂ ಹಸಿ ಕಸಕ್ಕೆ ಬೇರೆ ಡಬ್ಬಿ ಕೊಡಿ. ಕಿತ್ತಳೆ ಸಿಪ್ಪೆ ಗೊಬ್ಬರವಾಗುತ್ತದೆ. ಅದರ ಜೊತೆ ಬೆರೆತ ಪ್ಲಾಸ್ಟಿಕ್ ಚಮಚ ಎರಡನ್ನೂ ಕೆಡಿಸುತ್ತದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಅಲಂಕಾರದ ಥರ್ಮಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಮಳಿಗೆ ಕೊಡುವ ಕರಾರಿನಲ್ಲೇ ಇದನ್ನು ಬರೆಯಿರಿ, ಬಾಯಿಮಾತಿಗೆ ಬಿಡಬೇಡಿ.

ಬಯಲನ್ನು ಕೈಗೆ ತೆಗೆದುಕೊಳ್ಳುವ ದಿನ ಮೂಲೆಮೂಲೆಯ ಫೋಟೋ ತೆಗೆಯಿರಿ, ಒಪ್ಪಿಸುವ ದಿನ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಎರಡಕ್ಕೂ ತಾಳೆಯಾಗದಿದ್ದರೆ ಠೇವಣಿ ಹಿಂದಕ್ಕೆ ಕೇಳಬೇಡಿ.

ಮಾಡಬಾರದ್ದು

ಅಗೆಯಬಾರದು. ಇದಕ್ಕೆ ರಿಯಾಯಿತಿ ಇಲ್ಲ. ಕೆ.ಪಿ. ಗ್ರೌಂಡಿನ ನೆಲದಡಿ ಏನಿದೆ ಎಂದು ಮೇಲಿನಿಂದ ಹೇಳಲಾಗದು. ಹಿಂದೊಮ್ಮೆ ಕಾಮಗಾರಿಗೆಂದು ಅಗೆದಾಗ ಬ್ರಿಟಿಷರ ಕಾಲದ ಫಿರಂಗಿಗಳೇ ಮೇಲೆದ್ದು ಬಂದವು. ಗುಂಡಿ ತೋಡಿ ಕಂಬ ನೆಡುವ ಪೆಂಡಾಲ್ ಇಲ್ಲಿಗೆ ಸಲ್ಲದು. ಬುಡಕ್ಕೆ ತೂಕ ಇಟ್ಟು ನಿಲ್ಲಿಸುವ ಚೌಕಟ್ಟು ಸಿಗುತ್ತದೆ, ಬಾಡಿಗೆ ಹೆಚ್ಚು, ಕೊಡಿ.

ಒದ್ದೆ ನೆಲಕ್ಕೆ ಲಾರಿ ಇಳಿಸಬಾರದು. ನಾಗಪುರದ ಸುತ್ತ ಎರೆಮಣ್ಣು ಹೆಚ್ಚು. ನಮ್ಮ ಧಾರವಾಡ, ಗದಗ, ವಿಜಯಪುರದ ಕಡೆಯವರಿಗೆ ಈ ಮಣ್ಣಿನ ಗುಣ ಬಿಡಿಸಿ ಹೇಳಬೇಕಿಲ್ಲ: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಸಿ ಇದ್ದಾಗ ಚಕ್ರ ಹರಿದರೆ ಒತ್ತಿದ ಇಟ್ಟಿಗೆಯಂತೆ ಗಟ್ಟಿಯಾಗಿ, ಆ ಗೆರೆಯಲ್ಲಿ ಹುಲ್ಲು ಏಳುವುದಿಲ್ಲ, ಮುಂದಿನ ಮಳೆಗೆ ನೀರು ಇಂಗುವುದಿಲ್ಲ. ಅದನ್ನು ಮುಚ್ಚಲು ಗರಸು ಸುರಿಯುತ್ತಾರೆ. ಗರಸಿನ ಮೇಲೆ ಹುಲ್ಲಿನ ಆಸೆಯನ್ನೇ ಬಿಡಬೇಕು. ಒಂದೊಂದು ಉತ್ಸವಕ್ಕೂ ಒಂದೊಂದು ಪದರ ಬಿದ್ದರೆ ಉದ್ಯಾನ ಲಾರಿ ನಿಲ್ದಾಣವಾಗುತ್ತದೆ. ಮಳೆ ನಿಂತ ಮೇಲೆ ಹಿಮ್ಮಡಿ ಊರಿ ನೋಡಿ. ಗುರುತು ಮೂಡಿದರೆ ಸಾಮಾನನ್ನು ಕೈಗಾಡಿಯಲ್ಲಿ ಸಾಗಿಸಿ, ಇಲ್ಲವೇ ದಿನ ಮುಂದೂಡಿ.

ಮರಕ್ಕೆ ಮೊಳೆ ಹೊಡೆಯಬಾರದು, ದೀಪದ ಸರ ಬಿಗಿಯಬಾರದು, ಬುಡದಲ್ಲಿ ಜನರೇಟರ್ ಇಡಬಾರದು. ಬ್ಯಾನರಿಗೆ ಅಡ್ಡ ಬಂತೆಂದು ಕೊಂಬೆ ಕಡಿಯುವುದು ಮಹಾರಾಷ್ಟ್ರದಲ್ಲಿ 1975ರ ವೃಕ್ಷ ಸಂರಕ್ಷಣಾ ಕಾಯ್ದೆಗೆ ಒಳಪಟ್ಟ ವಿಚಾರ. ಅದೇ 1975ರಲ್ಲಿ ಕರ್ನಾಟಕವೂ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆ ಕಾಯ್ದೆ ತಂದಿತು; ಕಬ್ಬನ್ ಪಾರ್ಕು, ಲಾಲ್‌ಬಾಗು ಇಂದಿಗೂ ನಮ್ಮ ಪಾಲಿಗೆ ಉಳಿದಿರುವುದರಲ್ಲಿ ಅದರ ಪಾಲೂ ದೊಡ್ಡದು.

ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಬಾರದು. ಹಬ್ಬದ ಕೆಲವು ದಿನ ಸರ್ಕಾರ ಹನ್ನೆರಡರವರೆಗೆ ಸಡಿಲಿಸಬಹುದು, ವರ್ಷಕ್ಕೆ 15 ದಿನ ಮೀರದಂತೆ. ಆ ಆದೇಶ ನಿಮ್ಮ ಕೈಯಲ್ಲಿದ್ದರೆ ಮಾತ್ರ. ಬಯಲಿನ ಅಂಚಿನಲ್ಲಿ ಸದ್ದು 75 ಡೆಸಿಬೆಲ್ ದಾಟಬಾರದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರನ್ನು ಮೌನವಲಯವೆಂದು ಮೊದಲೇ ಅಳೆದು, ಆ ಕಡೆಗೆ ಒಂದು ಸ್ಪೀಕರನ್ನೂ ತಿರುಗಿಸಬೇಡಿ.

ಕೆ.ಪಿ. ಗ್ರೌಂಡಿನ ನಡುವಿನ ಹಳೆಯ ಮಂಟಪವನ್ನು ಗ್ರೀನ್ ರೂಮು, ಸಾಮಾನು ಕೋಣೆ ಮಾಡಬಾರದು. ಕಲ್ಲಿಗೆ ಅಂಟು, ಹಗ್ಗ, ಬಣ್ಣ ಯಾವುದೂ ತಾಗಬಾರದು.

ಕರಿದ ಎಣ್ಣೆಯನ್ನು ನೆಲಕ್ಕೆ ಚೆಲ್ಲಬಾರದು. ಚೆಲ್ಲಿದಲ್ಲಿ ಹುಲ್ಲು ಸಾಯುತ್ತದೆ.

ಬಯಲನ್ನು ಅಡ್ಡಗಟ್ಟಿ ನಡೆಯುವವರನ್ನು ದಿನಗಟ್ಟಲೆ ಹೊರಗಿಡಬಾರದು. ಕಟ್ಟುವುದಕ್ಕೆ, ಬಿಚ್ಚುವುದಕ್ಕೆ ಎಷ್ಟು ದಿನವೆಂದು ಗೇಟಿನಲ್ಲೇ ಮರಾಠಿ, ಹಿಂದಿಯಲ್ಲಿ ಬರೆದು ಹಾಕಿ. ಮೂಲೆಯ ಒಂದು ನಡಿಗೆ ದಾರಿಯನ್ನಾದರೂ ತೆರೆದಿಡಿ.

ನೋಡಲು ಬರುವವರಿಗೆ

ಕಾರು ಬಿಟ್ಟು ಬನ್ನಿ. ಮೆಟ್ರೋದ ಕಿತ್ತಳೆ ಮಾರ್ಗದಲ್ಲಿ ಕಸ್ತೂರಚಂದ್ ಪಾರ್ಕ್ ಎಂಬ ನಿಲ್ದಾಣವೇ ಇದೆ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ಒಳಗೆ ಬಂದ ಕೂಡಲೇ ಹೊರಗೆ ಹೋಗುವ ದಾರಿ ಯಾವುದೆಂದು ಒಮ್ಮೆ ನೋಡಿಟ್ಟುಕೊಳ್ಳಿ. ಮುಂದೆ ತಳ್ಳಬೇಡಿ.

ಸಂಘಟಕರೇ, ಕೊನೆಯ ಅತಿಥಿಯನ್ನು ಕಳಿಸಿದ ಮೇಲೆ ನಿಮ್ಮ ಕೆಲಸದ ಅರ್ಧ ಇನ್ನೂ ಬಾಕಿ ಇರುತ್ತದೆ. ಬೆಳಿಗ್ಗೆ ಆರಕ್ಕೆ ನಡೆಯುವವರು ಬರುತ್ತಾರೆ, ಏಳಕ್ಕೆ ಹುಡುಗರು ಸ್ಟಂಪು ಹಿಡಿದು ಬರುತ್ತಾರೆ. ಅವರ ಬರಿಗಾಲಿಗೆ ಒಂದು ಮೊಳೆಯೂ ಚುಚ್ಚದ ಹಾಗೆ, ರಾತ್ರಿಯೇ ಅಯಸ್ಕಾಂತ ಹಿಡಿದು ನೆಲ ಸವರಿ ಮನೆಗೆ ಹೋಗಿ.