ಯುದ್ಧಪೀಡಿತ ಕುಟುಂಬಗಳಲ್ಲಿ ಹಿಂಸೆ: ಕಾರಣ ಮತ್ತು ನಿವಾರಣೆ

ಯುದ್ಧದಿಂದ ನೊಂದ ಜನಸಮುದಾಯದ ಆರೋಗ್ಯವನ್ನು ಕುರಿತು ಬರೆಯುವವರು ಗಾಯ, ಅಂಗವೈಕಲ್ಯ, ಸಾಂಕ್ರಾಮಿಕ ರೋಗ, ಪೌಷ್ಟಿಕ ಆಹಾರದ ಕೊರತೆ ಇವನ್ನು ತಪ್ಪದೆ ಹೇಳುತ್ತಾರೆ. ಮನೆಯ ಒಳಗೆ ಹೆಂಡತಿ ಮಕ್ಕಳ ಮೇಲೆ ಬೀಳುವ ಪೆಟ್ಟು ಆ ಪಟ್ಟಿಯಲ್ಲಿ ಸೇರುವುದು ಅಪರೂಪ. ಅದು ಸಂಸಾರದ ವಿಷಯ, ವೈದ್ಯನಿಗೇಕೆ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ಬಂದೂಕಿನ ಸದ್ದು ಅಡಗಿದ ಮೇಲೂ ಅಡಗದೆ ಉಳಿಯುವ ವ್ಯಾಧಿಗಳಲ್ಲಿ ಇದು ಮುಖ್ಯವಾದುದು.

ಚೆನ್ನೈಯಲ್ಲಿ ನೆಲೆಸಿರುವ ನಮಗೆ ಇದರ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಶ್ರೀಲಂಕೆಯಲ್ಲಿ 1983ರ ಜುಲೈ ತಿಂಗಳ ಗಲಭೆಗಳಿಂದ ಭುಗಿಲೆದ್ದ ಅಂತರ್ಯುದ್ಧವು 2009ರ ಮೇ ತಿಂಗಳವರೆಗೆ ನಡೆಯಿತು. ಪಾಕ್ ಜಲಸಂಧಿಯನ್ನು ದೋಣಿಗಳಲ್ಲಿ ದಾಟಿ ರಾಮೇಶ್ವರ, ಮಂಡಪಗಳಲ್ಲಿ ಇಳಿದ ತಮಿಳು ಕುಟುಂಬಗಳಿಗೆ ಈ ರಾಜ್ಯದಲ್ಲಿ ನೂರಕ್ಕೂ ಮಿಕ್ಕಿದ ಶಿಬಿರಗಳು ಏರ್ಪಟ್ಟವು. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಮದುವೆಯಾಗಿ, ಅಲ್ಲಿಯೇ ಮಕ್ಕಳನ್ನು ಹೆತ್ತವರೂ ಈಗ ಇದ್ದಾರೆ.

ಶ್ರೀಲಂಕೆಯ ಈಶಾನ್ಯ ಕರಾವಳಿಯ 296 ಮಂದಿ ತಮಿಳು ಶಾಲಾಮಕ್ಕಳನ್ನು ಕುರಿತು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಬಹಳ ಬೋಧಪ್ರದವಾಗಿದೆ. ಆ ಮಕ್ಕಳು ಯುದ್ಧವನ್ನೂ 2004ರ ಡಿಸೆಂಬರ್ 26ರ ಸುನಾಮಿಯನ್ನೂ ಕಂಡವರು. ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಯುದ್ಧದ ಒಂದಾದರೂ ಘೋರ ಅನುಭವವನ್ನು ಹೇಳಿದರು. ಮನೆಯೊಳಗಿನ ಹಿಂಸೆಯ ಒಂದಾದರೂ ಅನುಭವವನ್ನು ಹೇಳಿದವರು ನೂರಕ್ಕೆ ತೊಂಬತ್ತೈದು! ಯುದ್ಧವನ್ನು ಹೆಚ್ಚಾಗಿ ಕಂಡ ಮಕ್ಕಳ ಮನೆಗಳಲ್ಲಿ ಮತ್ತು ತಂದೆಯು ಕುಡಿಯುವ ಮನೆಗಳಲ್ಲಿ ಹೊಡೆತವೂ ಹೆಚ್ಚು ಕಂಡುಬಂದಿತು. ಯುದ್ಧ, ಪ್ರಕೃತಿ ವಿಕೋಪ, ಮನೆಯ ಹಿಂಸೆ ಇವು ಬೇರೆಬೇರೆಯಾಗಿ ನಿಲ್ಲದೆ ಒಂದರ ಮೇಲೊಂದು ಪೇರಿಕೊಂಡು ಮಗುವಿನ ಮನಸ್ಸನ್ನು ಕುಗ್ಗಿಸುತ್ತವೆ.

ಇದು ಹೇಗೆ ಸಂಭವಿಸುತ್ತದೆ? ಪ್ರಾಣಭಯದಲ್ಲಿ ವರ್ಷಗಟ್ಟಲೆ ಬದುಕಿದವನ ಶರೀರವು ಸದಾ ಎಚ್ಚರದ ಸ್ಥಿತಿಯಲ್ಲಿಯೇ ಉಳಿದುಬಿಡುತ್ತದೆ. ನಿದ್ರೆ ಬಾರದು, ಬಂದರೂ ದುಃಸ್ವಪ್ನ. ಪಾತ್ರೆ ಬಿದ್ದ ಶಬ್ದಕ್ಕೆ ಎದೆ ಝಲ್ಲೆನ್ನುತ್ತದೆ. ಕ್ಷುಲ್ಲಕ ಕಾರಣಕ್ಕೆ ಸಿಟ್ಟು ನೆತ್ತಿಗೇರುತ್ತದೆ. ನಿದ್ರೆಗಾಗಿ ಹಿಡಿದ ಮದ್ಯವು ನಿದ್ರೆಯನ್ನೂ ಕೆಡಿಸಿ ವಿವೇಕವನ್ನೂ ಕೆಡಿಸುತ್ತದೆ. ಇದರ ಮೇಲೆ ಕಸುಬು ಹೋದ ಅವಮಾನ. ಬಲೆ ದೋಣಿಗಳ ಒಡೆಯನಾಗಿದ್ದವನು ಪಡಿತರದ ಸಾಲಿನಲ್ಲಿ ನಿಲ್ಲುತ್ತಾನೆ. ಹೆಂಡತಿ ಕೂಲಿಗೆ ಹೋಗಿ ಹಣ ತರುತ್ತಾಳೆ. ಯಜಮಾನಿಕೆ ಜಾರಿತೆಂದು ಅವನಿಗೆ ಅನ್ನಿಸುತ್ತದೆ. ಹಿಂದೆ ಊರಿನಲ್ಲಿ ಕೈ ಹಿಡಿದು ತಡೆಯಲು ಅತ್ತೆ ಮಾವ, ಸೋದರಮಾವ, ನೆರೆಹೊರೆಯವರಿದ್ದರು. ಚದುರಿಹೋದ ಸಮಾಜದಲ್ಲಿ ಅವರಿಲ್ಲ. ಇಕ್ಕಟ್ಟಾದ ಒಂದೇ ಕೋಣೆಯಲ್ಲಿ ಮಕ್ಕಳು ಎಲ್ಲವನ್ನೂ ನೋಡುತ್ತ ಬೆಳೆಯುತ್ತಾರೆ.

ಆದರೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಯುದ್ಧದ ಆಘಾತವು ಹೊಡೆತಕ್ಕೆ ವಿವರಣೆಯೇ ಹೊರತು ಸಮರ್ಥನೆಯಲ್ಲ. ಅದೇ ಸಂಕಟವನ್ನು ಅನುಭವಿಸಿಯೂ ಕೈ ಎತ್ತದ ಗಂಡಸರು ಎಷ್ಟೋ ಮಂದಿ ಇದ್ದಾರೆ. ಮನೆಯಲ್ಲಿ ಕೈ ಎತ್ತುವವನು ಸಹ ಅಧಿಕಾರಿಯ ಮುಂದೆ ಕೈ ಕಟ್ಟಿ ನಿಲ್ಲಬಲ್ಲ. ಕೋಪವನ್ನು ತಡೆಯುವ ಶಕ್ತಿ ಅವನಲ್ಲಿ ಇದೆ ಎಂದಾಯಿತಲ್ಲವೆ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ನಮ್ಮ ಗಾದೆಯನ್ನು ಇಂಥ ಕಡೆ ಹೇಳುವುದು ಅಪಾಯಕಾರಿ.

ನಿವಾರಣೆಗೆ ಕೇವಲ ಉಪದೇಶ ಸಾಲದು. ಕೇವಲ ಧನಸಹಾಯವೂ ಸಾಲದು. ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ದೇಶವೂ ಅಂತರ್ಯುದ್ಧದಿಂದ ನಲುಗಿತ್ತು. ಅಲ್ಲಿನ ಹಳ್ಳಿಗಳಲ್ಲಿ ಸ್ತ್ರೀಯರ ಉಳಿತಾಯ ಸಂಘಗಳೊಂದಿಗೆ ಗಂಡಂದಿರನ್ನೂ ಕೂಡಿಸಿ ಎಂಟು ಸಭೆಗಳನ್ನು ನಡೆಸಿದರು. ಮನೆಯ ಆಯವ್ಯಯವನ್ನು ಇಬ್ಬರೂ ಕೂಡಿ ನಿರ್ಧರಿಸುವುದು ಹೇಗೆಂಬುದೇ ಮಾತುಕತೆಯ ವಿಷಯ. 2013ರಲ್ಲಿ ಪ್ರಕಟವಾದ ಪರಿಣಾಮದಂತೆ, ಬರೀ ಉಳಿತಾಯ ಸಂಘಗಳಿಗಿಂತ ಇಲ್ಲಿ ಹಣಕಾಸಿನ ಕಿರುಕುಳ ಕಡಿಮೆಯಾಯಿತು. ಗಂಡನೊಡನೆ ಬಹುಪಾಲು ಸಭೆಗಳಿಗೆ ಬಂದ ಸ್ತ್ರೀಯರಲ್ಲಿ ದೈಹಿಕ ಹಿಂಸೆಯೂ ಇಳಿಯಿತು. ಗಂಡಸರಿಗಾಗಿಯೇ ಹದಿನಾರು ವಾರ ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ಹೊಡೆತ ಇಳಿಯಿತೆಂದು ನಿಶ್ಚಯವಾಗಿ ಹೇಳಲಾಗದಿದ್ದರೂ, ಕೋಪವನ್ನು ನಿಗ್ರಹಿಸುವ ಮತ್ತು ಮನೆಗೆಲಸದಲ್ಲಿ ಕೈಗೂಡಿಸುವ ಅಭ್ಯಾಸ ಹೆಚ್ಚಿತು. ಗಂಡಸರನ್ನು ಹೊರಗಿಟ್ಟು ಈ ಕಾರ್ಯವನ್ನು ಸಾಧಿಸಲಾಗದು ಎಂಬುದು ನನ್ನ ಅಭಿಪ್ರಾಯ.

ಕುಡಿತಕ್ಕೂ ಆಘಾತಜನ್ಯ ಮನೋವ್ಯಾಧಿಗೂ ಚಿಕಿತ್ಸೆಯುಂಟು, ಅದನ್ನು ಅಲಕ್ಷಿಸಬಾರದು. ಶಿಬಿರಗಳಲ್ಲಿ ದೀಪವಿರುವ ದಾರಿ, ಬೀಗ ಹಾಕಬಹುದಾದ ಶೌಚಾಲಯ, ಮಕ್ಕಳಿಗೆ ಆಟದ ಸ್ಥಳ ಇವೂ ಔಷಧಗಳೇ.

ಇಂಥ ಕುಟುಂಬಗಳ ಸಂಪರ್ಕಕ್ಕೆ ಬರುವ ವೈದ್ಯರು, ದಾದಿಯರು, ಉಪಾಧ್ಯಾಯರು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ಮತ್ತೆಮತ್ತೆ ಕಾಣುವ ಗಾಯಗಳು, ಪೆಟ್ಟಿಗೆ ಹೊಂದದ ವಿವರಣೆ, ತರಗತಿಯಲ್ಲಿ ಬೆಚ್ಚುವ ಮಗು ಇವು ಲಕ್ಷಣಗಳು. ಸ್ತ್ರೀಯನ್ನು ಏಕಾಂತದಲ್ಲಿಯೇ ಪ್ರಶ್ನಿಸಬೇಕು. ಗಂಡನ ಎದುರಿನಲ್ಲಾಗಲಿ, ಅವನ ತಾಯಿಯ ಎದುರಿನಲ್ಲಾಗಲಿ ಎಂದಿಗೂ ಕೂಡದು. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವ ಸದುದ್ದೇಶದ ಹಿರಿಯರು, ಆಕೆ ಮನೆಗೆ ಮರಳಿದ ರಾತ್ರಿ ಏನಾಗುವುದೆಂದು ಯೋಚಿಸುವುದಿಲ್ಲ. ಆಕೆಯ ಮಾತನ್ನು ನಂಬಿ ಕೇಳುವುದು, ಗಾಯಗಳನ್ನು ಸರಿಯಾಗಿ ದಾಖಲಿಸುವುದು, ಅಪಾಯ ಒದಗಿದಾಗ ಯಾರ ಮನೆಗೆ ಹೋಗಬೇಕು, ಗುರುತಿನ ಚೀಟಿಯನ್ನು ಎಲ್ಲಿಡಬೇಕು ಎಂಬುದನ್ನು ಆಕೆಯೊಡನೆ ಮೊದಲೇ ಯೋಚಿಸಿಡುವುದು, ಇಷ್ಟು ಮೊದಲ ಕರ್ತವ್ಯ.

ಶ್ರೀಲಂಕೆಯೂ ಭಾರತವೂ 2005ರಲ್ಲಿಯೇ ಕೌಟುಂಬಿಕ ಹಿಂಸೆಯ ವಿರುದ್ಧ ಕಾಯಿದೆ ಮಾಡಿದವು. ನಮ್ಮದು 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದಿತು. ಇದರಂತೆ ಸ್ತ್ರೀಯು ತಾತ್ಕಾಲಿಕವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೂ ಮೊರೆ ಹೋಗಬಹುದು. ಊರು ಬಿಟ್ಟು ಬಂದವರಿಗೆ ಇದು ಬಹು ಉಪಯುಕ್ತ. ಮಹಿಳೆಯರ ಸಹಾಯವಾಣಿ 181, ಮಕ್ಕಳದು 1098. ಮಾನಸಿಕ ತೊಂದರೆಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಾತನಾಡಬಹುದು.